ಕಷ್ಟದ ಸಂಗೀತ ಕೇಳಲು ಎಷ್ಟು ಗೊತ್ತಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕ ಸಂಗೀತದ ಕಛೇರಿಗೆ ಹೊಸದಾಗಿ ಬರುವವರೂ, ವರ್ಷಗಟ್ಟಲೆ ಕೇಳಿಯೂ 'ಪಲ್ಲವಿ' (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವ ಭಾಗ) ಎಂದರೆ ಹಿಂಜರಿಯುವವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇವೆ. ಸುಲಭದವು ಮೊದಲು, ಲೆಕ್ಕದವು ಕೊನೆಗೆ. ಹಿಂದೂಸ್ತಾನಿಗೆ ಸಿಕ್ಕಿರುವುದು ಒಂದೇ ಪ್ರಶ್ನೆ, ಧಾರವಾಡದವರು ಮುನಿಸಿಕೊಳ್ಳಬಾರದು.

## ಹೊಸಬರಿಗೆ

ರಾಗದ ಹೆಸರೂ ಗೊತ್ತಾಗದವನು ಕಛೇರಿಗೆ ಬಂದು ಕೂರಬಹುದಾ?

ಧಾರಾಳವಾಗಿ ಬನ್ನಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ರಾಮನವಮಿ ಸಂಗೀತೋತ್ಸವದ ಚಪ್ಪರದಲ್ಲಾಗಲಿ, ಮೈಸೂರಿನ ವಿ.ವಿ. ಮೊಹಲ್ಲಾ 8ನೇ ಕ್ರಾಸಿನ ಗಣೇಶೋತ್ಸವದಲ್ಲಾಗಲಿ ಕೂತವರೆಲ್ಲ ಪಾಠ ಹೇಳಿಸಿಕೊಂಡವರಲ್ಲ. ಹೆಸರು ಬಾರದಿದ್ದ ಮಾತ್ರಕ್ಕೆ ರಾಗ ಗೊತ್ತಿಲ್ಲ ಅಂತಲೂ ಅಲ್ಲ. 'ಭಾಗ್ಯದ ಲಕ್ಷ್ಮಿ ಬಾರಮ್ಮ'ವನ್ನು ಸಾಮಾನ್ಯವಾಗಿ ಮಧ್ಯಮಾವತಿಯಲ್ಲಿ ಹಾಡುತ್ತಾರೆ. ಅದನ್ನೇ ಯಾರಾದರೂ ಕಲ್ಯಾಣಿಯಲ್ಲಿ ಎತ್ತಿಕೊಂಡರೆ ಮೊದಲ ಸಾಲಿಗೇ ನಿಮ್ಮ ಹುಬ್ಬು ಮೇಲೇರುತ್ತದೆ. ಮಧ್ಯಮಾವತಿ ನಿಮ್ಮ ಕಿವಿಗೆ ಆಗಲೇ ಗೊತ್ತಿದೆ, ಅದರ ಹೆಸರು ಮಾತ್ರ ಇನ್ನೂ ಬಂದಿಲ್ಲ. ಹೆಸರು ಆಮೇಲೆ ಅಂಟಿಸಿಕೊಳ್ಳಬಹುದು.

'ಶಿಶುರ್ವೇತ್ತಿ ಪಶುರ್ವೇತ್ತಿ' ಅಂತಾರಲ್ಲ, ಹಾಗಾದ್ರೆ ತಿಳಿವಳಿಕೆಯ ಮಾತೇ ಯಾಕೆ?

ಶಿಶುವೂ ಪಶುವೂ ಹಾವೂ ಗಾನರಸವನ್ನು ಬಲ್ಲವು ಎನ್ನುವ ಈ ಶ್ಲೋಕ ಸಂಗೀತ ಸಭೆಗಳ ಸ್ವಾಗತ ಭಾಷಣದಲ್ಲಿ ತಪ್ಪುವುದೇ ಇಲ್ಲ. ಮಾತು ಅರ್ಧ ನಿಜ. ಶ್ರುತಿಶುದ್ಧವಾದ ಒಂದು ದೀರ್ಘ ಷಡ್ಜ, ವೀಣೆಯ ಮಂದ್ರದ ಒಂದು ಮೀಟು, ಜೋಗುಳದ ನೀಲಾಂಬರಿ ಇವು ಯಾವ ಪೀಠಿಕೆಯನ್ನೂ ಬೇಡುವುದಿಲ್ಲ. ಆದರೆ ಹಸು ತಲೆದೂಗಿದರೆ ಅದು ನಾದಕ್ಕೆ. ಪಲ್ಲವಿಯ ಸಾಲು ತಾಳದ ಲೆಕ್ಕಕ್ಕೆ ಬಂದು ತಂಗುವ ಅರುಧಿಗೆ ತೂಗಿದ ಹಸುವನ್ನು ಇದುವರೆಗೆ ಯಾರೂ ಕಂಡಿಲ್ಲ. ಕೆಲವು ಸುಖಗಳು ಎಣಿಕೆಯ ಮೇಲೆಯೇ ನಿಂತಿವೆ, ಎಣಿಕೆ ಬಿಟ್ಟರೆ ಅವು ಕಾಣುವುದೇ ಇಲ್ಲ. ಅವಿಲ್ಲದೆಯೂ ಕಛೇರಿ ಚೆನ್ನಾಗಿಯೇ ಇರುತ್ತದೆ. ಬೇಕು ಅನ್ನಿಸಿದಾಗ ಕಲಿಯಬೇಕಾದ್ದು ಎಷ್ಟು, ಯಾವುದು ಎಂಬುದೇ ಮುಂದಿನ ಉತ್ತರಗಳ ವಿಷಯ.

ಮಾತೇ ಇಲ್ಲದ ಆಲಾಪನೆ ಇಪ್ಪತ್ತು ನಿಮಿಷ ನಡೆದರೆ ನಾನು ಕೂತು ಏನು ಕೇಳಲಿ?

ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಈಗ ಎಲ್ಲಿ ನಿಂತರು? ಆಲಾಪನೆಯಲ್ಲಿ ಗಾಯಕರು ಸುತ್ತಿ ಸುತ್ತಿ ಒಂದು ಸ್ವರದ ಮೇಲೆ ಬಂದು ತಂಗುತ್ತಾರೆ. ಸಾಮಾನ್ಯವಾಗಿ ಮೊದಲ ಒಂದೆರಡು ನಿಮಿಷದಲ್ಲೇ ರಾಗದ ಗುರುತಿನ ಹಿಡಿತಗಳು ಬಂದುಬಿಡುತ್ತವೆ. ಆಮೇಲೆ ಮಧ್ಯ ಸ್ಥಾಯಿಯ ಗಾಂಧಾರವೋ ಪಂಚಮವೋ ತಂಗುದಾಣವಾಗುತ್ತದೆ, ಅಲ್ಲಿಂದ ಮೇಲಿನ ಷಡ್ಜಕ್ಕೆ ಏರಿ ಉದ್ದ ಕಾರ್ವೆ (ಒಂದೇ ಸ್ವರದ ಮೇಲೆ ನಿಲುಗಡೆ), ನಂತರ ವೇಗದ ಬಿರ್ಕಾಗಳು (ಸ್ವರಗಳ ಮಿಂಚಿನ ಓಟ), ಕೊನೆಗೆ ಇಳಿದು ಮೊದಲಿನ ಷಡ್ಜಕ್ಕೆ. ತಂಬೂರಿಯನ್ನು ಬಿಡದೆ ಕೇಳುತ್ತಿದ್ದರೆ ಗಾಯಕರು 'ಮನೆ'ಯಿಂದ ಎಷ್ಟು ದೂರ ಹೋಗಿದ್ದಾರೆ ಎಂಬುದು ಸ್ವರದ ಹೆಸರು ಬಾರದಿದ್ದರೂ ತಿಳಿಯುತ್ತದೆ. ಗಾಯಕರ ಹಿಂದೆ ಪಿಟೀಲಿನವರ ಸರದಿ ಬಂದಾಗ ಅದೇ ದಾರಿಯನ್ನು ಚಿಕ್ಕದಾಗಿ ಇನ್ನೊಮ್ಮೆ ಕೇಳಿದಂತಾಗುತ್ತದೆ. ಆ ಹೊತ್ತಿಗೆ ಮೊಬೈಲ್ ತೆಗೆಯಬೇಡಿ.

ಪಕ್ಕದಲ್ಲಿ ಕೂತವರೆಲ್ಲ ತಾಳ ಹಾಕ್ತಾರೆ. ನಾನು ಹಾಕಿದರೆ ಅರ್ಧಕ್ಕೇ ತಪ್ಪುತ್ತೆ. ಏನು ಮಾಡಲಿ?

ಆದಿ ತಾಳ ಒಂದನ್ನು ಸರಿಯಾಗಿ ಕಲಿಯಿರಿ. ಕಛೇರಿಯ ಬಹುಪಾಲು ಅದರಲ್ಲೇ ನಡೆಯುತ್ತದೆ. ಒಂದು ಲಘು, ಎರಡು ದ್ರುತ, ಒಟ್ಟು 8 ಎಣಿಕೆ:

1: ತೊಡೆಗೆ ಘಾತ. 2, 3, 4: ಕಿರುಬೆರಳು, ಉಂಗುರದ ಬೆರಳು, ನಡುಬೆರಳು. 5: ಘಾತ. 6: ಅಂಗೈ ಮೇಲೆ ಮಾಡಿ ಹುಸಿ. 7: ಘಾತ. 8: ಹುಸಿ.

ತಪ್ಪುವುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಸಾಹಿತ್ಯದ ಮೊದಲ ಅಕ್ಷರವನ್ನೇ ಮೊದಲ ಘಾತ ಎಂದುಕೊಳ್ಳುವುದು. ಅನೇಕ ಕೃತಿಗಳು ಸಮ (ತಾಳದ ಮೊದಲ ಘಾತ) ಕಳೆದು ಅರ್ಧ ಎಣಿಕೆ ಬಿಟ್ಟೋ ಒಂದೂವರೆ ಎಣಿಕೆ ಬಿಟ್ಟೋ ಶುರುವಾಗುತ್ತವೆ. ಹಾಡು ಏಳುವ ಈ ಜಾಗಕ್ಕೆ ಎಡುಪು ಎನ್ನುತ್ತಾರೆ. ಎರಡನೆಯದು, ಎರಡು ಕಳೆಯಲ್ಲಿ, ಅಂದರೆ ತಾಳ ಇಮ್ಮಡಿ ಉದ್ದವಾದಾಗ, ಪ್ರತಿ ಕ್ರಿಯೆಯನ್ನೂ ಎರಡೆರಡು ಸಲ ಹಾಕಬೇಕು. ಅದು ತಿಳಿಯದಿದ್ದರೆ ನಿಮ್ಮ ಕೈ ವೇದಿಕೆಯ ಕೈಗಿಂತ ದುಪ್ಪಟ್ಟು ಓಡುತ್ತಿರುತ್ತದೆ. ಮೂರನೆಯದು, ಹಾಡಿನ ಉತ್ಸಾಹಕ್ಕೆ ಕೈಯೂ ಓಡುವುದು.

ಪರಿಹಾರ ಸುಲಭ. ಗಾಯಕರ ಬಲಗೈ ಕಾಣುವ ಕಡೆ ಕೂರಿ. ಅವರ ಕಿರುಬೆರಳು ಮಡಚಿದಾಗ ನಿಮ್ಮದೂ ಮಡಚಿದರೆ ನೀವು ಒಳಗೆ ಬಂದಿರಿ. ಕೈ ತಪ್ಪಿದರೆ ನಿಲ್ಲಿಸಿ, ಮುಂದಿನ ಸಮಕ್ಕೆ ಸೇರಿಕೊಳ್ಳಿ. ಮತ್ತೆ, ದಯವಿಟ್ಟು ಮೆಲ್ಲಗೆ. ತೊಡೆಯ ಚಟಪಟ ಮುಂದಿನ ಸಾಲಿನವರಿಗೆ ಕೇಳಿಸಬಾರದು.

ಮೂರು ಗಂಟೆ ಕೂರೋಕಾಗಲ್ಲ, ಮಧ್ಯೆ ಎದ್ದು ಹೋಗಬಹುದಾ?

ಕೃತಿ ಮುಗಿದು ಚಪ್ಪಾಳೆ ಬಿದ್ದಾಗ ಹೋಗಿ. ತನಿ (ಮೃದಂಗ ಮೊದಲಾದ ತಾಳವಾದ್ಯಗಳು ಮಾತ್ರ ನುಡಿಯುವ ಭಾಗ) ಶುರುವಾದ ಕೂಡಲೇ ಕಾಫಿಗೆ ಏಳುವ ರೂಢಿ ಮಾತ್ರ ಬೇಡ.

## ಸ್ವಲ್ಪ ಕೇಳಿ ಅಭ್ಯಾಸವಾದವರಿಗೆ

ತೋಡಿ ಕೇಳಿದರೆ ಅಪಸ್ವರ ಹಾಡಿದ ಹಾಗೆ ಅನ್ನಿಸುತ್ತೆ. ತಪ್ಪು ನನ್ನದಾ?

ತಪ್ಪು ಯಾರದೂ ಅಲ್ಲ. ಹಾರ್ಮೋನಿಯಂ, ಕೀಬೋರ್ಡ್, ಸಿನಿಮಾ ಹಾಡುಗಳಲ್ಲಿ ಬೆಳೆದ ಕಿವಿ ಸ್ವರವೆಂದರೆ ಒಂದು ಮನೆಯಲ್ಲಿ ಅಲ್ಲಾಡದೆ ನಿಲ್ಲುವುದು ಎಂದುಕೊಂಡಿರುತ್ತದೆ. 8ನೇ ಮೇಳ (72 ಮೂಲರಾಗಗಳಲ್ಲಿ 8ನೆಯದು) ಹನುಮತೋಡಿಯ ಸ್ವರಗಳನ್ನು ಕೀಬೋರ್ಡಿನಲ್ಲಿ ನೇರವಾಗಿ ಒತ್ತಿ ನೋಡಿ. ಹಿಂದೂಸ್ತಾನಿಯ ಭೈರವಿ ಥಾಟ್ ಕೇಳುತ್ತದೆ, ತೋಡಿ ಎಲ್ಲಿಯೂ ಇರುವುದಿಲ್ಲ. ತೋಡಿಯ ಗಾಂಧಾರ ರಿಷಭ ಮಧ್ಯಮಗಳ ನಡುವೆ ತೂಗುತ್ತಿರುತ್ತದೆ, ತನ್ನ ಮನೆಯಲ್ಲಿ ನೆಟ್ಟಗೆ ನಿಲ್ಲುವುದು ಅಪರೂಪ. ಆ ತೂಗಾಟವೇ ಗಾಂಧಾರ. ಅಲ್ಲಾಡುವುದನ್ನು 'ಸರಿಯಾದ ಸ್ವರದಿಂದ ಜಾರಿದ್ದು' ಎಂದು ಕಿವಿ ಲೆಕ್ಕ ಹಾಕುತ್ತಿರುವುದರಿಂದ ಅಪಸ್ವರ ಎನಿಸುತ್ತದೆ.

ಇಲ್ಲಿ ವಿವರಣೆ ಓದಿ ಆಗುವುದು ಕಡಿಮೆ, ಕೇಳಿ ಆಗುವುದು ಹೆಚ್ಚು. ಒಬ್ಬರೇ ಗಾಯಕರ ತೋಡಿ ಆಲಾಪನೆಯ ಐದು ನಿಮಿಷವನ್ನು ಒಂದು ವಾರ ದಿನಾ ಕೇಳಿ. ನಾಗಸ್ವರದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು, ಗಮಕ, ಅಂದರೆ ಸ್ವರದ ಈ ತೂಗಾಟ, ಅದರಲ್ಲಿ ದೊಡ್ಡದಾಗಿ ಕಾಣುತ್ತದೆ. ಬೇರೆ ಬೇರೆಯವರ ತೋಡಿಯನ್ನು ಒಂದೇ ವಾರದಲ್ಲಿ ಬೆರೆಸಬೇಡಿ.

ಆಲಾಪನೆ ಶುರುವಾದ ತಕ್ಷಣ 'ಯಾವ ರಾಗ, ಯಾವ ರಾಗ' ಅಂತ ತಲೆ ಓಡುತ್ತೆ. ಹೆಸರು ಸಿಗೋವರೆಗೂ ಸಮಾಧಾನವಿಲ್ಲ.

ಹೆಸರು ಸಿಕ್ಕಿದ ಮೇಲೆ ಎಷ್ಟು ಜನ ಕೇಳುವುದನ್ನೇ ನಿಲ್ಲಿಸುತ್ತಾರೆ, ಗಮನಿಸಿದ್ದೀರಾ? 'ದರ್ಬಾರ್' ಎಂದು ಪಕ್ಕದವರಿಗೆ ಪಿಸುಗುಟ್ಟಿ ಬೆನ್ನು ಒರಗಿಸಿಬಿಡುತ್ತಾರೆ. ರಾಗ ಗುರುತಿಸುವುದು ಒಳ್ಳೆಯ ಆಟವೇ. ಆದರೆ ಕೇಳುವ ಕೆಲಸ ಶುರುವಾಗುವುದು ಅದರ ಆಚೆಗೆ.

ಆರೋಹಣ ಅವರೋಹಣದ ಪಟ್ಟಿ ಹಿಡಿದು ಗುರುತಿಸಲು ಹೊರಟರೆ ಬೇಗ ಗೋಡೆಗೆ ಡಿಕ್ಕಿ ಹೊಡೆಯುತ್ತೀರಿ. ಆರಭಿ, ದೇವಗಾಂಧಾರಿಗಳ ಸ್ವರಪಟ್ಟಿ ಕಾಗದದ ಮೇಲೆ ಹೆಚ್ಚುಕಡಿಮೆ ಒಂದೇ. ಆರಭಿ ಚುರುಕು, ಕಡಿಮೆ ಗಮಕ. ದೇವಗಾಂಧಾರಿ ನಿಧಾನ, ಉದ್ದುದ್ದ ಎಳೆತ, ತೂಗುವ ರಿಷಭ. ಎರಡನ್ನೂ ಒಂದರ ಹಿಂದೊಂದು ಎರಡೆರಡು ನಿಮಿಷ ಕೇಳಿದರೆ ಯಾವ ಪಟ್ಟಿಯೂ ಹೇಳದ್ದು ತಿಳಿಯುತ್ತದೆ.

ರೂಢಿ ಮಾಡಿಕೊಳ್ಳುವುದಾದರೆ ಒಂದು ರಾಗಕ್ಕೆ ಚೆನ್ನಾಗಿ ಗೊತ್ತಿರುವ ಒಂದು ರಚನೆಯನ್ನು ಗಂಟು ಹಾಕಿ. 'ಜಗದೋದ್ಧಾರನ' ಕಾಪಿಗೆ, 'ಕೃಷ್ಣಾ ನೀ ಬೇಗನೆ ಬಾರೋ' ಯಮುನಾಕಲ್ಯಾಣಿಗೆ, 'ವಾತಾಪಿ ಗಣಪತಿಂ' ಹಂಸಧ್ವನಿಗೆ. ಆಲಾಪನೆಯ ನಡುವೆ ಆ ಹಾಡು ತಾನಾಗಿ ನಾಲಿಗೆಗೆ ಬಂದರೆ ಗುರುತು ಸಿಕ್ಕಿತು. ಬರದಿದ್ದರೆ ಬಿಡಿ, ಪಿಟೀಲಿನವರ ಸರದಿಯವರೆಗೆ ಹೆಸರಿನ ಹುಡುಕಾಟವನ್ನು ಮುಂದೂಡಿ.

72 ಮೇಳಕರ್ತ ಬಾಯಿಪಾಠ ಮಾಡಬೇಕಾ?

ಬೇಡ. ಅದು ಹೇಗೆ ಹುಟ್ಟಿತು ಎಂದು ತಿಳಿದರೆ ಸಾಕು: ಷಡ್ಜ, ಪಂಚಮ ಕದಲುವುದಿಲ್ಲ, ಮಧ್ಯಮ 2 ಬಗೆ, ರಿಷಭ-ಗಾಂಧಾರದ ಜೋಡಿ 6 ಬಗೆ, ಧೈವತ-ನಿಷಾದದ ಜೋಡಿ 6 ಬಗೆ. 2×6×6 = 72. ಕಛೇರಿಯಲ್ಲಿ ಪದೇ ಪದೇ ಬರುವ ಮೇಳಗಳು ಬೆರಳೆಣಿಕೆಯವು: 8 ತೋಡಿ, 15 ಮಾಯಾಮಾಳವಗೌಳ, 22 ಖರಹರಪ್ರಿಯ, 28 ಹರಿಕಾಂಭೋಜಿ, 29 ಶಂಕರಾಭರಣ, 56 ಷಣ್ಮುಖಪ್ರಿಯ, 65 ಕಲ್ಯಾಣಿ.

ತನಿ ಆವರ್ತನದಲ್ಲಿ ನನಗೆ ಬರೀ ಸದ್ದು ಕೇಳಿಸುತ್ತೆ. ಏನನ್ನು ಹಿಡೀಬೇಕು?

ಬೋಲುಗಳನ್ನು (ವಾದ್ಯದ ಪೆಟ್ಟುಗಳಿಗೆ ಇಟ್ಟ ಅಕ್ಷರಗಳನ್ನು) ಹಿಡಿಯಲು ಹೋಗಬೇಡಿ, ಅದು ವಾದಕರ ವಿದ್ಯೆ. ನಿಮ್ಮ ಕೈಯಲ್ಲಿ ತಾಳ ಇರಲಿ, ಅಷ್ಟೇ. ನಡೆಯುವ ಕ್ರಮ ಹೀಗೆ: ಮೃದಂಗ ಒಂದು ಸುತ್ತು, ಘಟವೋ ಖಂಜಿರವೋ ಮೋರ್ಚಿಂಗೋ ಒಂದು ಸುತ್ತು, ಮಧ್ಯೆ ನಡೆ ಬದಲಾಗಿ ಒಂದು ಎಣಿಕೆಗೆ 4ರ ಬದಲು 3 ಅಥವಾ 5 ಮಾತ್ರೆ ಬರಬಹುದು. ಆಮೇಲೆ ಸವಾಲು ಜವಾಬು, ತುಂಡು ಚಿಕ್ಕದಾಗುತ್ತಾ ಹೋಗುತ್ತದೆ: ಒಂದು ಆವರ್ತ, ಅರ್ಧ, ಕಾಲು. ಕೊನೆಗೆ ಎಲ್ಲರೂ ಸೇರಿ ಮೋಹರ (ಮುಗಿಯುತ್ತಿದೆ ಎಂದು ಸೂಚಿಸುವ ನುಡಿಕೆ), ಕೋರ್ವೆ (ಲೆಕ್ಕ ಹಾಕಿ ಕಟ್ಟಿದ ಮುಕ್ತಾಯದ ತುಂಡು). ಕೋರ್ವೆಯನ್ನು ಮೂರು ಸಲ ನುಡಿಸಿ ಮುಗಿಸಿದ ಜಾಗದಲ್ಲೇ ಗಾಯಕರು ಸಾಲನ್ನು ಎತ್ತಿಕೊಳ್ಳುತ್ತಾರೆ.

ಒಂದು ಚಿಕ್ಕ ಲೆಕ್ಕ ನೋಡಿ. ಆದಿ ತಾಳದ ಒಂದು ಕಳೆಯಲ್ಲಿ ಎಣಿಕೆಗೆ 4ರಂತೆ 32 ಮಾತ್ರೆ. 'ತ ದಿ ಗಿ ಣ ತೊಂ' 5 ಮಾತ್ರೆ. ಅದನ್ನು ಮೂರು ಸಲ, ನಡುವೆ 3 ಮಾತ್ರೆಯ ಎರಡು ಬಿಡುವುಗಳೊಂದಿಗೆ ನುಡಿಸಿದರೆ 5+3+5+3+5 = 21. ಸಮಕ್ಕೆ ಮುಗಿಯಬೇಕಾದರೆ 32−21 = 11 ಮಾತ್ರೆ ಕಳೆದ ಮೇಲೆ ಶುರು ಮಾಡಬೇಕು, ಅಂದರೆ ಉಂಗುರದ ಬೆರಳಿನ ಎಣಿಕೆಯಲ್ಲಿ ಮುಕ್ಕಾಲು ಭಾಗ ದಾಟಿದಾಗ. ಹಾಡಿನ ಎಡುಪು ಸಮದಿಂದ ಅರ್ಧ ಎಣಿಕೆ ಆಚೆಗಿದ್ದರೆ ಶುರುವೂ 2 ಮಾತ್ರೆ ಮುಂದಕ್ಕೆ ಸರಿದು 13 ಕಳೆದ ಮೇಲೆ, ನಡುಬೆರಳಿನ ಎಣಿಕೆಯ ಕಾಲು ಭಾಗಕ್ಕೆ ಬೀಳುತ್ತದೆ. ಎಲ್ಲೋ ಅಡ್ಡಾದಿಡ್ಡಿ ಎದ್ದಂತೆ ಕೇಳುವ ಮೃದಂಗ ನಿಮ್ಮ ಘಾತಕ್ಕೆ ಸರಿಯಾಗಿ ಬಂದು ಇಳಿಯುತ್ತದಲ್ಲ, ಆ ರೋಮಾಂಚನಕ್ಕೆ ಈ ಕಳೆಯುವ ಲೆಕ್ಕವೇ ಕಾರಣ. ನೀವು ಲೆಕ್ಕ ಮಾಡಬೇಕಿಲ್ಲ. ಕೈಯಲ್ಲಿ ತಾಳ ಇಲ್ಲದಿದ್ದರೆ ಮಾತ್ರ ಇಳಿದದ್ದು ತಿಳಿಯುವುದಿಲ್ಲ.

ಹಿಂದೂಸ್ತಾನಿ ವಿಲಂಬಿತ ಖಯಾಲ್‌ನಲ್ಲಿ ತಾಳವೇ ಕಳೆದುಹೋಗುತ್ತೆ. ಅಲ್ಲಿಗೆ ಏನು ಉಪಾಯ?

ಅಲ್ಲಿ ಕೈಗಿಂತ ಕಿವಿ ಒಳ್ಳೆಯದು. ವಿಲಂಬಿತ (ನಿಧಾನ ಗತಿಯ) ಏಕತಾಲದ 12 ಮಾತ್ರೆಗಳಲ್ಲಿ ಒಂದೊಂದು ನಾಲ್ಕೈದು ಸೆಕೆಂಡು ಹಿಡಿದರೆ ಒಂದು ಆವರ್ತ ಸುಮಾರು ಒಂದು ನಿಮಿಷ. ಬೆರಳು ಎಣಿಸುತ್ತ ಕೂತರೆ ಗಾಯನ ಕೈತಪ್ಪುತ್ತದೆ. ಬದಲಿಗೆ ತಬಲಾದ ಠೇಕಾ ಕೇಳಿ: ಧಿಂ ಧಿಂ ಧಾಗೆ ತಿರಕಿಟ ತೂ ನಾ ಕತ್ ತಾ ಧಾಗೆ ತಿರಕಿಟ ಧಿಂ ನಾ. 'ತಿರಕಿಟ' ಎರಡು ಸಲ ಬರುತ್ತದೆ, 4ನೇ ಮತ್ತು 10ನೇ ಮಾತ್ರೆಗೆ. ಎರಡನೆಯದು ಕೇಳಿಸಿತೆಂದರೆ ಸಮ ಹತ್ತಿರ ಬಂತು. ಆ ಆಸುಪಾಸಿನಲ್ಲೇ ಗಾಯಕರು ಮುಖಡಾ (ಹಾಡಿನ ಮೊದಲ ತುಣುಕು) ಎತ್ತಿಕೊಳ್ಳುತ್ತಾರೆ.

ಕಿರಾನಾ ಘರಾಣೆಯವರಾದ (ಘರಾಣೆ ಎಂದರೆ ಗಾಯನ ಪರಂಪರೆ) ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರದು ಒಂದೊಂದೇ ಸ್ವರವನ್ನು ಬೆಳೆಸುವ ದಾರಿ. ಹೊಸ ಕಿವಿಗೆ ಸುಲಭ. ಜೈಪುರ-ಅತ್ರೌಲಿ ಘರಾಣೆಯ ಮಲ್ಲಿಕಾರ್ಜುನ ಮನ್ಸೂರರು (1910–1992) ಅಪರೂಪದ, ಜೋಡು ರಾಗಗಳನ್ನು ಲಯದ ಬೆನ್ನೇರಿ ಬಿಡಿಸುತ್ತಿದ್ದರು. ಅವರನ್ನು ಮೊದಲ ಸಲ ಕೇಳಿ ಏನೂ ಹಿಡಿಯಲಾಗಲಿಲ್ಲ ಎನ್ನುವವರು ಎಲ್ಲೆಡೆ ಸಿಗುತ್ತಾರೆ. ಮೊದಲು ಯಮನ್, ಭೀಮಪಲಾಸಿಯಂಥ ಬಳಕೆಯ ರಾಗದ ಧ್ವನಿಮುದ್ರಣ ಹಿಡಿಯಿರಿ, ಜೋಡು ರಾಗಗಳು ಆಮೇಲೆ.

## ಪಲ್ಲವಿ, ಲೆಕ್ಕ, ತಕರಾರು

ಒಂದೇ ಸಾಲನ್ನು ಅರ್ಧ ಗಂಟೆ ಹಾಡೋದು ಯಾಕೆ? ರಾಗ-ತಾನ-ಪಲ್ಲವಿಯಲ್ಲಿ ಅಂಥದ್ದೇನಿದೆ?

ಕೃತಿಯಲ್ಲಿ ವಾಗ್ಗೇಯಕಾರ ಮೊದಲೇ ಕಟ್ಟಿಟ್ಟಿರುತ್ತಾನೆ. ಪಲ್ಲವಿಯಲ್ಲಿ ಕಟ್ಟಿದ್ದು ಒಂದು ಸಾಲು ಮಾತ್ರ, ಉಳಿದದ್ದು ಅಂದಿನ ಮನೋಧರ್ಮ, ಅಂದರೆ ವೇದಿಕೆಯಲ್ಲೇ ಹುಟ್ಟುವ ಕಲ್ಪನೆ. ಮೊದಲು ಆಲಾಪನೆ. ಆಮೇಲೆ 'ಅನಂತಂ, ಆನಂತಂ' ಎಂಬ ಅಕ್ಷರಗಳ ಮೇಲೆ ಲಯವಿದ್ದೂ ಆವರ್ತವಿಲ್ಲದ ತಾನ. ವೀಣೆಯಲ್ಲಿ ಇದರ ಸೊಗಸೇ ಬೇರೆ. ಆಮೇಲೆ ಸಾಲು.

ಆ ಸಾಲಿಗೆ ಒಂದು ಬೆನ್ನೆಲುಬಿದೆ: ಅರುಧಿ. ಸಾಲಿನ ಮೊದಲರ್ಧ ಬಂದು ನಿಲ್ಲುವ ಜಾಗ ಅದು. ಎರಡು ಕಳೆಯ ಆದಿ ತಾಳದಲ್ಲಿ ಸಾಮಾನ್ಯವಾಗಿ ಲಘು ಮುಗಿದು ಮೊದಲ ದ್ರುತದ ಘಾತ ಬೀಳುವ ಕಡೆ. ಅಲ್ಲೊಂದು ತಂಗುವಿಕೆ, ನಂತರ ಉಳಿದರ್ಧ, ಮತ್ತೆ ಎಡುಪು. ನೆರವಲ್‌ನಲ್ಲಿ ಮಾತುಗಳ ಜಾಗ ಕೆಡದಂತೆ ರಾಗ ಮಾತ್ರ ಹೊಸದಾಗುತ್ತ ಹೋಗುತ್ತದೆ. ಪಲ್ಲವಿ ಹಿಡಿಯಲು ಬೇಕಾದ್ದು ಎರಡೇ ಸಂಗತಿ: ಸಾಲು ತಾಳದಲ್ಲಿ ಎಲ್ಲಿ ಏಳುತ್ತದೆ, ಎಲ್ಲಿ ತಂಗುತ್ತದೆ. ಗಾಯಕರು ಸಾಲನ್ನು ಮೊದಲ ನಾಲ್ಕೈದು ಸಲ ಬದಲಾವಣೆಯಿಲ್ಲದೆ ಹಾಡುತ್ತಾರಲ್ಲ, ಅದು ನಿಮಗಾಗಿಯೇ. ಆಗ ಇವೆರಡನ್ನು ಗುರುತು ಹಾಕಿಕೊಳ್ಳದಿದ್ದರೆ ಮುಂದಿನ ಅರ್ಧ ಗಂಟೆ ಪುನರುಕ್ತಿಯಂತೆ ಕೇಳುತ್ತದೆ.

'ತ್ರಿಕಾಲ ಮಾಡಿದರು' ಅಂತ ಎಲ್ಲ ಚಪ್ಪಾಳೆ ತಟ್ಟಿದರು. ನನಗೆ ಬೇಗ ಹಾಡಿದ ಹಾಗೆ ಕೇಳಿಸಿತು, ಅಷ್ಟೆ.

ಗಾಯಕರ ಕೈ ನೋಡಿ. ಕೈಯ ವೇಗ ಬದಲಾಗಿರುವುದಿಲ್ಲ. ಒಂದನೇ ಕಾಲದಲ್ಲಿ ಆವರ್ತಕ್ಕೆ ಸಾಲು ಒಂದು ಸಲ, ಎರಡನೆಯದರಲ್ಲಿ ಎರಡು ಸಲ, ಮೂರನೆಯದರಲ್ಲಿ ನಾಲ್ಕು ಸಲ. ತಿಶ್ರಕ್ಕೆ (ಮೂರರ ಲೆಕ್ಕಕ್ಕೆ) ತಿರುಗಿದಾಗ ಎರಡು ಆವರ್ತಕ್ಕೆ ಮೂರು ಸಲ. ಈ ತಿಶ್ರದಲ್ಲೇ ಕೇಳುಗರ ಕೈ ತಪ್ಪುವುದು ಹೆಚ್ಚು: ಮಾತುಗಳು ಘಾತದ ಅಕ್ಕಪಕ್ಕ ಬೀಳತೊಡಗಿದಾಗ ಕೈ ಮಾತಿನ ಹಿಂದೆ ಓಡುತ್ತದೆ. ಆಗ ಹಾಡನ್ನು ಒಂದು ಕ್ಷಣ ಬಿಟ್ಟು ಮೃದಂಗದ ಸಮವನ್ನು ಹಿಡಿಯಿರಿ. ಮೂರನೇ ಸಲದ ಕೊನೆಗೆ ಸಾಲು ಎಡುಪಿಗೆ ಸರಿಯಾಗಿ ಬಂತೇ ಎಂಬುದಷ್ಟೇ ನಿಮ್ಮ ಪರೀಕ್ಷೆ.

ಮೋಹನ ಹಾಡ್ತಾ ಇದ್ದವರು ನಡುವೆ ಹಿಂದೋಳಕ್ಕೆ ಹೋದರು ಅನ್ನಿಸಿತು. ನನ್ನ ಕಿವಿ ಕೆಟ್ಟಿದೆಯಾ?

ಕಿವಿ ಚೆನ್ನಾಗಿದೆ. ಅದು ಗ್ರಹಭೇದ. ಮೋಹನದ ಗಾಂಧಾರವನ್ನೇ ಷಡ್ಜದಂತೆ ಹಿಡಿದು ಅವೇ ಐದು ಸ್ವರಗಳಲ್ಲಿ ಸುತ್ತಿದರೆ ಹಿಂದೋಳ ಕೇಳುತ್ತದೆ. ರಿಷಭ ಹಿಡಿದರೆ ಮಧ್ಯಮಾವತಿ, ಪಂಚಮ ಹಿಡಿದರೆ ಶುದ್ಧಸಾವೇರಿ, ಧೈವತ ಹಿಡಿದರೆ ಶುದ್ಧಧನ್ಯಾಸಿ. ತಂಬೂರಿ ಮಾತ್ರ ಹಳೆಯ ಷಡ್ಜದಲ್ಲೇ ಇರುತ್ತದೆ. ಒಂದೆರಡು ನಿಮಿಷ ನೆರಳು ತೋರಿಸಿ ಹಿಂದಿರುಗಿದರೆ ಸೊಗಸು. ಪ್ರತಿ ಕಛೇರಿಯಲ್ಲೂ ನಾಲ್ಕೂ ಬಾಗಿಲು ತೆರೆದು ತೋರಿಸಿದರೆ ಬೇಸರ.

ಇದೆಲ್ಲ ಬರೀ ಲೆಕ್ಕ ಅಲ್ವಾ? ಅರ್ಥವಾಗದ್ದನ್ನೆಲ್ಲ ದೊಡ್ಡದು ಅಂತ ಒಪ್ಪಿಕೊಳ್ಳಬೇಕಾ?

ಖಂಡಿತ ಬೇಡ. ಕಷ್ಟವಾದದ್ದೆಲ್ಲ ಒಳ್ಳೆಯದಲ್ಲ. ಎರಡು ಕೈಯಲ್ಲಿ ಎರಡು ತಾಳ ಹಾಕುವ ಅವಧಾನ ಪಲ್ಲವಿ ಸಾಹಸವೇ ಸರಿ, ಸಂಗೀತವಾಗುವುದು ಎಲ್ಲ ಸಲವೂ ಅಲ್ಲ. ನಾವು ಗಮನಿಸುವುದು ಮೂರು. ಸಾಹಿತ್ಯದ ಪದ ಅರ್ಥಗೆಡುವಂತೆ ತುಂಡಾಗುತ್ತಿದೆಯೇ? ಕಲ್ಪನಾಸ್ವರ (ಸರಿಗಮಗಳಲ್ಲೇ ಅಲ್ಲಲ್ಲೇ ಕಟ್ಟಿ ಹಾಡುವುದು) ಯಾವ ರಾಗಕ್ಕೆ ಹಾಕಿದರೂ ನಡೆಯುವಂತಿದೆಯೇ? ಗಾಯಕರ ಕಣ್ಣು ಪೂರ್ತಿ ತಮ್ಮ ಬೆರಳಿನ ಮೇಲೆಯೇ ಇದೆಯೇ? ಮೂರಕ್ಕೂ ಹೌದು ಎಂದಾದರೆ ಲೆಕ್ಕ ಗೆದ್ದು ರಾಗ ಸೋತಿದೆ. ಇದನ್ನು ಹೇಳಲು ವಿದ್ವತ್ ಪರೀಕ್ಷೆ ಪಾಸಾಗಿರಬೇಕಿಲ್ಲ. ಒಂದು ಎಚ್ಚರಿಕೆ: ಅದೇ ಪಲ್ಲವಿಯ ಧ್ವನಿಮುದ್ರಣವನ್ನು ಇನ್ನೊಂದು ಸಲ ಕೇಳಿದ ಮೇಲೆ ತೀರ್ಪು ಕೊಡಿ. ಮೊದಲ ಸಲದ ಬೇಸರದಲ್ಲಿ ಹಾಡಿನದೆಷ್ಟು, ಸಮ ತಪ್ಪಿದ ನಮ್ಮ ಕೈಯದೆಷ್ಟು ಎಂದು ಬೇರೆ ಮಾಡುವುದು ಕಷ್ಟ.

ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿದ ಮೇಲೆ ಮೊದಲಿನ ಸುಖವೇ ಹೋಯಿತು. ಕೇಳಿದ್ದೆಲ್ಲ ಸರಿಗಮ ಆಗಿ ಓಡುತ್ತೆ.

ಬಹಳ ವಿದ್ಯಾರ್ಥಿಗಳ ದೂರು ಇದು. ಸ್ವರ ಗುರುತಿಸುವ ಹೊಸ ಚಾಳಿ ಇನ್ನೂ ಬಿಸಿಯಾಗಿರುವಾಗ ತಲೆ ಎಲ್ಲವನ್ನೂ ಬರೆದುಕೊಳ್ಳಲು ಹೋಗುತ್ತದೆ. ನೀವು ಪಾಠ ಮಾಡದ ರಾಗಗಳನ್ನು ಸ್ವಲ್ಪ ದಿನ ಕೇಳಿ. ಹಾಡಿಗಿಂತ ವೀಣೆ, ಕೊಳಲು ಕೇಳಿ. ಗೊತ್ತಿರುವ ಧ್ವನಿಮುದ್ರಣದಲ್ಲಿ ಗಾಯಕರನ್ನು ಬಿಟ್ಟು ಪಿಟೀಲಿನವರನ್ನು ಮಾತ್ರ ಹಿಂಬಾಲಿಸಿ: ಯಾವ ಸಂಗತಿಯನ್ನು (ಸಾಲಿನ ಬದಲಾದ ರೂಪವನ್ನು) ಹಾಗೆಯೇ ಮರುನುಡಿಸಿದರು, ಯಾವುದರ ಬಾಲ ಮಾತ್ರ ಹಿಡಿದರು, ಎಲ್ಲಿ ಸುಮ್ಮನಾದರು. ಗಮನ ಸ್ವರದ ಹೆಸರಿನಿಂದ ಸಂವಾದದ ಕಡೆಗೆ ಹೊರಳುತ್ತದೆ.

ಒಂದು ಪಲ್ಲವಿಯನ್ನಾದರೂ ಪೂರ್ತಿ ಹಿಡಿಯಬೇಕು ಅಂತಿದೆ. ಮನೆಯಲ್ಲಿ ಹೇಗೆ ಅಭ್ಯಾಸ ಮಾಡೋದು?

ಆದಿ ತಾಳದ, ನಿಮಗೆ ಪರಿಚಿತ ರಾಗದ ಧ್ವನಿಮುದ್ರಣ ಆರಿಸಿ. ಕಲ್ಯಾಣಿ, ಶಂಕರಾಭರಣ ಸಿಕ್ಕರೆ ಒಳ್ಳೆಯದು. ಖಂಡ ನಡೆ, ಸಂಕೀರ್ಣ ಜಾತಿ ಎಂದು ಶೀರ್ಷಿಕೆಯಲ್ಲೇ ಇರುವುದನ್ನು ಈಗ ಬಿಡಿ. ಮೊದಲ ಸಲ ಏನೂ ಮಾಡದೆ ಪೂರ್ತಿ ಕೇಳಿ. ಎರಡನೇ ಸಲ ಪಲ್ಲವಿಯ ಸಾಲು ಶುರುವಾಗುವ ಕಡೆಗೆ ಹೋಗಿ ಮೊದಲ ಎರಡು ನಿಮಿಷವನ್ನೇ ತಿರುಗಿಸಿ ತಿರುಗಿಸಿ ಕೇಳುತ್ತ ತಾಳ ಹಾಕಿ. ಸಾಲು 8 ಎಣಿಕೆಗೆ ಮುಗಿಯದೆ 16ಕ್ಕೆ ಮುಗಿದರೆ ಅದು ಎರಡು ಕಳೆ. ಕ್ರಿಯೆಗಳನ್ನು ಇಮ್ಮಡಿ ಮಾಡಿ. ಸಾಲನ್ನು ಕಾಗದದಲ್ಲಿ ಬರೆದು ಸಮ ಬೀಳುವ ಅಕ್ಷರದ ಕೆಳಗೆ ಒಂದು ಗೆರೆ, ಅರುಧಿಯ ಅಕ್ಷರದ ಕೆಳಗೆ ಎರಡು ಗೆರೆ ಎಳೆಯಿರಿ. ನೀವೇ ಆ ಸಾಲನ್ನು ತಾಳ ಹಾಕಿ ಗುನುಗುವಂತಾಗುವವರೆಗೆ ಮುಂದೆ ಹೋಗಬೇಡಿ. ಶ್ರುತಿ ಹೇಗಿದ್ದರೂ ಪರವಾಗಿಲ್ಲ, ಕೇಳುವವರು ಯಾರೂ ಇಲ್ಲ. ಆಮೇಲೆ ನೆರವಲ್ ಕೇಳಿ. ಗೆರೆ ಎಳೆದ ಅಕ್ಷರಗಳು ತಮ್ಮ ಜಾಗಕ್ಕೇ ಬರುತ್ತಿವೆಯೇ ನೋಡಿ. ಸ್ವರಗಳ ಭಾಗಕ್ಕೆ ಬಂದಾಗ ಕಾಗದ ಪಕ್ಕಕ್ಕಿಡಿ. ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಕೈ ದಣಿದರೆ ಎಣಿಕೆ ಓಡುತ್ತದೆ, ಓಡಿದ ಎಣಿಕೆಯ ಅಭ್ಯಾಸ ಬಿಡಿಸುವುದು ಕಲಿಯುವುದಕ್ಕಿಂತ ಕಷ್ಟ.